ಮರಿಕುದುರೆಯ ಕಣ್ಣುಪಟ್ಟಿ

ಬೈಲಹೊಂಗಲದಲ್ಲಿ ಹತ್ತಿಕಾಳಿನ ಚೀಲ ಇಳಿಸಿ ಖಾಲಿ ಹೊರಟಿದ್ದ ಲಾರಿಗೆ ಮರಿಕುದುರೆಯನ್ನು ಹತ್ತಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

"ಕುದುರಿ ಮನಷ್ಯಾನ್ನ ಹೊತಗೊಂಡ ಹೋಗೂದು ಕಂಡೇನಿ ಕಾಕಾ. ಕುದುರೀನ ಹೊತಗೊಂಡ ಹೋಗೂ ದೈವ ನಂದ ನೋಡ್ರಿ," ಎಂದು ನಕ್ಕ ಲಾರಿ ಓಡಿಸುವ ಮಡಿವಾಳಪ್ಪ.

"ಇದಕ್ಕಿನ್ನೂ ನಾಲ ಬಡಿಸಿಲ್ಲೋ. ಹುಬ್ಬಳ್ಳಿ ತನಕ ನಡಿಸಿದ್ರ ಗೊರಸ ಸವದ ಹೋಗ್ತಾವು," ಎಂದ ಉಡಚಪ್ಪ.

ಉಡಚಪ್ಪ ಇಪ್ಪತ್ತು ವರ್ಷ ಹುಬ್ಬಳ್ಳಿ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆದವನು. ಹಳೆಯ ಕುದುರೆ ದೀಪಾವಳಿಯಲ್ಲಿ ಸತ್ತಿತ್ತು. ಅದಕ್ಕೆ ಹುಲ್ಲು ನೀರು ನೋಡಿ ಮೈ ತಿಕ್ಕುತ್ತಿದ್ದವಳು ಮಗಳು ಶೇವಂತೆವ್ವ. ಅದಕ್ಕೇ ಹೊಸ ಮರಿ ಕೊಳ್ಳಲು ಬರುವಾಗ ಅವಳನ್ನೂ ಜೊತೆಗೆ ಕರೆತಂದಿದ್ದ. ಮೂರನೇ ಇಯತ್ತೆಗೇ ಸಾಲಿ ಬಿಟ್ಟ ಹುಡುಗಿ. ಯಾರಾದರೂ ಮಾತಾಡಿಸಿದರೆ ಸೆರಗಿನ ತುದಿ ಹುಡುಕುವಳು. ಆದರೆ ಮನೆಯಲ್ಲಿ ಏನು ಎಲ್ಲಿ ಕಳೆದರೂ ಅವಳನ್ನೇ ಕೇಳುತ್ತಿದ್ದರು.

ಲಾರಿ ಹೊರಡುವ ಮೊದಲು ಉಡಚಪ್ಪ ಸತ್ತ ಕುದುರೆಯ ಕಣ್ಣುಪಟ್ಟಿ ತೆಗೆದು ಮರಿಯ ಮುಖಕ್ಕೆ ಬಿಗಿದ. ಎರಡು ಕಣ್ಣಿನ ಪಕ್ಕಕ್ಕೂ ಅಂಗೈಯಗಲದ ಚಕ್ಕಳ. ಟಾಂಗಾದವರ ಪಾಲಿಗೆ ಕಣ್ಣುಪಟ್ಟಿಯಿಲ್ಲದ ಕುದುರೆ ರುಮಾಲಿಲ್ಲದ ಹಿರಿಯನಿದ್ದ ಹಾಗೆ. ಮನೆಯ ಹೊರಗೆ ತರುವಂತಿಲ್ಲ.

ಮೊದಲ ದೊಡ್ಡ ತಿರುವಿನಲ್ಲೇ ಮರಿ ಮುಂಗಾಲು ಮಡಚಿ ಬಿತ್ತು. ಎತ್ತಿ ನಿಲ್ಲಿಸಿದಾಗ ಮೊಣಕಾಲಿನ ಚರ್ಮ ತರಚಿತ್ತು. ಉಡಚಪ್ಪನ ಮುಖ ಕಪ್ಪಿಟ್ಟಿತು. ಐಬು ಖೋಡಿ ಏನಾದರೂ ಕಂಡರೆ ಮೂರು ದಿನದೊಳಗೆ ತಿರುಗಿ ತನ್ನಿರಿ ಎಂದು ಮಾರಿದವನು ಮಾತು ಕೊಟ್ಟಿದ್ದ.

"ಇನ್ನೊಮ್ಮಿ ಬಿತ್ತಂದ್ರ ಧಾರವಾಡದಿಂದನ ಹೊಳ್ಳಿಸಿ ಒಯ್ತೇನಿ. ಮುಗ್ಗರಸೂ ಕುದುರಿ ನನಗ ಬ್ಯಾಡ."

ಶೇವಂತೆವ್ವ ಮರಿಯ ಕುತ್ತಿಗೆಗೆ ಕೈ ಹಾಕಿದಳು. ಬೆಳಿಗ್ಗೆ ಅದರ ಬೆಚ್ಚನೆಯ ಮೂತಿ ಅಂಗೈ ಮೂಸಿದಾಗಲೇ ಅದು ಅವಳದಾಗಿತ್ತು. ಆಮೇಲೆ ಅವಳು ಅದರ ಕಾಲು ಬಿಟ್ಟು ಬೇರೇನನ್ನೂ ನೋಡಲಿಲ್ಲ. ತಿರುವು ಬರುವಾಗ ಮುಂದಿನ ಗಿಡಗಳ ಸಾಲು ಬಾಗುವುದು ಅವಳಿಗೆ ಕಾಣುತ್ತಿತ್ತು. ಕೈ ತಾನಾಗಿ ಲಾರಿಯ ಹಲಗೆ ಹಿಡಿಯುತ್ತಿತ್ತು. ಪಟ್ಟಿಯಿಂದಾಗಿ ಎದುರಿನ ಹಲಗೆ ಬಿಟ್ಟು ಏನೂ ಕಾಣದ ಮರಿ ಮಾತ್ರ ಲಾರಿ ವಾಲಿದ ಮೇಲೆ ನೆಲ ಹುಡುಕುತ್ತಿತ್ತು.

"ಅಪ್ಪಾ, ಪಟ್ಟಿ ಬಿಚ್ಚೂಣೇನು?"

"ಹುಚ್ಚ ಹಿಡದೈತೇನ? ಗಿಡಾ ಗುಡ್ಡಾ ಓಡೂದ ನೋಡಿ ಹೊರಗ ಜಿಗೀತೈತಿ. ನನಗ ಕುದುರಿ ಕಲಿಸ್ತಿ?"

ಗರಗದಲ್ಲಿ ಮಡಿವಾಳಪ್ಪ ಚಹಾಕ್ಕೆ ನಿಲ್ಲಿಸಿದ. ಉಡಚಪ್ಪನೂ ಇಳಿದ. "ತಂಗೀ, ನಿನಗೂ ಚಾ ಹೇಳ್ಲೇನವಾ?" ಎಂದು ಮಡಿವಾಳಪ್ಪ ಕೇಳಿದ್ದಕ್ಕೆ ಅವಳು ತಲೆಯಾಡಿಸಿ ಒಲ್ಲೆನೆಂದಳು. ಅವರ ಬೆನ್ನು ತಿರುಗಿದ್ದೇ ತಡ ಕಣ್ಣುಪಟ್ಟಿಯ ಬಾರು ಬಿಚ್ಚಿದಳು. ಮರಿ ತಲೆ ಕೊಡವಿತು, ಮೂಗಿನ ಹೊಳ್ಳೆ ಅರಳಿಸಿತು, ಅಂಗಡಿ ನೋಡಿತು, ನಾಯಿ ನೋಡಿತು, ಕೊನೆಗೆ ಅವಳನ್ನು ನೋಡಿತು.

ಉಡಚಪ್ಪ ಹತ್ತಿ ನೋಡುವಷ್ಟರಲ್ಲಿ ಲಾರಿ ಹೊರಟೇಬಿಟ್ಟಿತ್ತು. "ತಾ ಇಲ್ಲಿ," ಎಂದು ಕೈ ಚಾಚಿದ. ಅವಳು ಪಟ್ಟಿಯನ್ನು ಬೆನ್ನ ಹಿಂದೆ ಹಿಡಿದಳು. ಅಪ್ಪ ಕೇಳಿದ್ದನ್ನು ಕೊಡದೆ ನಿಂತದ್ದು ಅದೇ ಮೊದಲು.

"ಧಾರವಾಡದ ತನಕ ಅಷ್ಟ, ಅಪ್ಪಾ. ಬಿದ್ರ ನೀ ಹೇಳಿದಂಗ ಆಗ್ಲಿ."

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು.

ಓಡುವ ಗಿಡಗಳನ್ನು ಕಂಡು ಮರಿ ಬೆಚ್ಚಿ ಹಗ್ಗ ಜಗ್ಗಿತು. ಉಡಚಪ್ಪ ಎರಡೂ ಕೈಯಿಂದ ಹಿಡಿದ. ಫರ್ಲಾಂಗು ಕಳೆಯಿತು, ಮೈಲಿ ಕಳೆಯಿತು. ಕೆರೆಯ ತಿರುವು ಬಂತು. ಲಾರಿ ವಾಲುವ ಮೊದಲೇ ಮರಿ ಹಿಂಗಾಲು ಅಗಲಿಸಿ ಊರಿತು. ಎದುರಿಗೆ ಬಸ್ಸು ಬಂದು ಮಡಿವಾಳಪ್ಪ ಬ್ರೇಕು ಒತ್ತಿದಾಗ ಹಾಸಿದ ಜೋಳದ ಕಣಕಿಯ ಮೇಲೆ ಜಾರಿತು, ಎದೆ ಹಲಗೆಗೆ ಬಡಿಯಿತು. ಆದರೆ ಬೀಳಲಿಲ್ಲ.

ಧಾರವಾಡ ಬಂತು, ಹಿಂದಾಯಿತು. ಹೊಳ್ಳಿಸುವ ಮಾತು ಯಾರೂ ಎತ್ತಲಿಲ್ಲ. ರಾಯಾಪುರದ ಹತ್ತಿರ ಉಡಚಪ್ಪ ಎತ್ತಲೋ ನೋಡುತ್ತ ಕೇಳಿದ: "ಏನ ನೋಡಿ ಬಿಚ್ಚಿದಿ?"

"ಟಾಂಗಾದಾಗ ತಿರುವು ಬಂದ್ರ ನೀ ಲಗಾಮು ಜಗ್ಗಿ ಅದಕ್ಕ ಹೇಳತಿ. ಇಲ್ಲಿ ಯಾರ ಹೇಳಬೇಕು?"

ಅವನು ಮರಿಯ ಕಾಲುಗಳತ್ತ ನೋಡಿದ. ಇಪ್ಪತ್ತು ವರ್ಷದಲ್ಲಿ ತಾನು ಕುದುರೆಯ ಹಿಂದೆ ಕುಳಿತವನೇ ಹೊರತು ಅದರ ಪಕ್ಕ ಹೀಗೆ ನಿಂತವನಲ್ಲ ಎಂದು ಯೋಚಿಸಿದನೋ ಏನೋ, ಅವಳಿಗೆ ತಿಳಿಯಲಿಲ್ಲ.

"ಪ್ಯಾಟ್ಯಾಗ ಪಟ್ಟಿ ಇಲ್ದ ನಡಿಯೂದಿಲ್ಲ. ಕಟ್ಟಾಕ ಬೇಕು," ಎಂದ ಕೊನೆಗೆ.

"ಗೊತ್ತೈತಿ."

"ಆದ್ರ ಒಂದ ತಿಂಗಳ ತಡದ ಕಟ್ಟೂಣು. ಮೊದ್ಲ ಪ್ಯಾಟಿ ನೋಡ್ಲಿ. ನೀನ ಹಿಡಕೊಂಡ ದುರ್ಗದಬೈಲ ತನಕ ತಿರುಗಿಸಿಕೊಂಡ ಬಾ, ದಿನಾ."

ಶೇವಂತೆವ್ವನ ಕಿವಿ ಬಿಸಿಯಾದವು. ಹನ್ನೊಂದಕ್ಕೆಲ್ಲ ಕಾಲಿಡಲು ಜಾಗವಿಲ್ಲದ ದುರ್ಗದಬೈಲಿನ ಸಂತೆ ಮಂದಿಯ ನಡುವೆ, ಕುದುರೆ ಹಿಡಿದು, ಅವಳು.

"ಮುಂಜಾನಿ ಲಗೂ ಹೋದ್ರ ಮಂದಿ ಕಡಿಮಿ ಇರ್ತಾರ," ಎಂದಳು ಮೆಲ್ಲಗೆ.

"ಮಂದಿ ಇಲ್ಲದಾಗ ಹೋಗಿ ಅದು ಏನ ಕಲೀತೈತಿ?"

ಲಾರಿ ಹುಬ್ಬಳ್ಳಿ ದಾಟಿ ಅವರ ಮನೆಯಿದ್ದ ಗಬ್ಬೂರಿನ ಮಣ್ಣುದಾರಿಗೆ ಹೊರಳಿತು. ಮರಿ ಕಾಲು ಬದಲಿಸಿ ನಿಂತಿತು.

"ಹನ್ನೊಂದಕ್ಕ ಹೋಗತೇನಿ ಹಂಗಾರ," ಎಂದಳು.