ಮೂಗಿನಲ್ಲಿ ತೂತಿಲ್ಲದ ಹುಂಜ

ಹಕ್ಕಿಯ ತಲೆಯನ್ನು ಅದರದೇ ರೆಕ್ಕೆಯಡಿ ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು ಮಗುವಿನಂತೆ ತೂಗಬೇಕು. ಮಂಪರು ಹತ್ತಿದ ಮೇಲೆ ಹುಲ್ಲಿನೊಳಗೆ ಮಲಗಿಸಿ ಬರಬೇಕು. ಬೇಟೆಗಾರರ ನಾಯಿ ಬಂದು ಮೂಸುವವರೆಗೆ ಅದು ಹಾಗೇ ಬಿದ್ದಿರುತ್ತದೆ. ಆರ್ವಿನ್ ನಡೆಸುತ್ತಿದ್ದ ಬೇಟೆ ಕ್ಲಬ್ಬಿನಲ್ಲಿ ಬೇಟೆಗೆಂದು ಸಾಕಿದ, ಕೋಳಿ ಜಾತಿಯ ಫೆಸೆಂಟ್ ಹಕ್ಕಿಗಳನ್ನು 'ನೆಡುವುದು' ಎಂದರೆ ಇದೇ. ಕಾಲೇಜು ಮುಗಿಸಿ ಬಂದ ಮಗಳು ಮಾರಿಟ್‌ಗೆ ಆ ಕೆಲಸ ಒಗ್ಗಿತ್ತು. ಅದರಲ್ಲಿ ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ.

ಬಲೆಮನೆಯಲ್ಲಿ ಬೆಳೆಯುವ ಹಕ್ಕಿಗಳು ಒಂದನ್ನೊಂದು ಕುಕ್ಕದಂತೆ ಮೂಗಿಗೆ ಪ್ಲಾಸ್ಟಿಕ್ಕಿನ ಕಣ್ಣುಪಟ್ಟಿ ಚುಚ್ಚಿರುತ್ತಾರೆ. ಬಿಡುವಾಗ ಅದನ್ನು ಕಿತ್ತರೂ ತೂತು ಉಳಿಯುತ್ತದೆ. ತೂತಿಲ್ಲದ ಕಾಡು ಹುಂಜ ಆ ಸೀಮೆಯಲ್ಲಿ ಒಂದೇ ಉಳಿದಿತ್ತು, ನೆರೆಯ ಡೆಲ್ಬರ್ಟನ ಜೌಗಿನ ಜೊಂಡಿನೊಳಗೆ. ಬೆಳಗಾದರೆ ತುಕ್ಕು ಹಿಡಿದ ಬಾಗಿಲಿನಂತೆ ಕೂಗುತ್ತಿತ್ತು. ಮಾರಿಟ್ ಕಾಫಿ ಹಿಡಿದು ಹಿಂಬಾಗಿಲಲ್ಲಿ ನಿಂತು ಅದಕ್ಕಾಗಿ ಕಾಯುತ್ತಿದ್ದಳು.

ಕೊಯ್ಲು ಮುಗಿದೊಡನೆ ಡೆಲ್ಬರ್ಟ್ ಜೌಗಿನಡಿ ಕೊಳವೆ ಹೂಳಿಸಿ ನೀರು ಬಸಿದ. ಜೊಂಡು ಸುಟ್ಟು ನೆಲ ಉತ್ತುಬಿಟ್ಟ. ಒಂದು ಮೂಲೆಯನ್ನಾದರೂ ಬಿಡಬಹುದಿತ್ತಲ್ಲ ಎಂದು ಮಾರಿಟ್ ಬೇಲಿಯ ಬಳಿ ತಡವರಿಸಿ ಕೇಳಿದಳು. ಅವನೇನು ಕೆಟ್ಟವನಲ್ಲ, ಅವಳಮ್ಮ ಹೋದಾಗ ದಿನಾ ಅಡುಗೆ ತಂದುಕೊಟ್ಟವನು.

"ನೀವು ಸಾಕಿ ಸಾಕಿ ಹೊಡಿಸ್ತೀರಿ," ಅಂದ ನಗುತ್ತ. "ನಾನು ಸೋಯಾ ಬಿತ್ತಿದ್ರೆ ಮಾತ್ರ ಪಾಪವಾ, ಹುಡುಗಿ?"

ಅವಳು ಬೇಲಿಯಿಂದ ಕೈ ತೆಗೆದು ಮನೆ ಕಡೆ ನಡೆದಳು.

ಮೊದಲ ಹಿಮ ಬಿದ್ದ ಬೆಳಿಗ್ಗೆ ಕೂಗು ಕೇಳಿಸಿದ್ದು ಕ್ಲಬ್ಬಿನ ಜೋಳದ ಪಟ್ಟಿಯಿಂದ. ಬೇಟೆಗೆಂದೇ ಕೊಯ್ಯದೆ ಬಿಟ್ಟ ಜೋಳ ಅದು. ಕಣ್ಣು ಹಾಯುವಷ್ಟು ದೂರವೂ ಬೇರೆ ಮರೆಯಿರಲಿಲ್ಲ. ಮಾರಿಟ್ ಓಡಿಹೋಗಿ ಚಪ್ಪಾಳೆ ತಟ್ಟಿ ಎಬ್ಬಿಸಿದಳು. ಹುಂಜ ಹಾರಿ ಬೋಳು ನೆಲದ ಮೇಲಿಳಿಯಿತು, ಅತ್ತಿತ್ತ ನೋಡಿತು, ತಲೆ ತಗ್ಗಿಸಿ ಮತ್ತೆ ಜೋಳಕ್ಕೇ ಓಡಿಬಂತು.

ಅಪ್ಪನಿಗೆ ಹೇಳಿದಳು.

"ಹಾರೋ ಹುಂಜದ ಮೂಗು ನೋಡಿ ಯಾರಮ್ಮ ಗುಂಡು ಹಾಕ್ತಾರೆ?" ಎಂದ ಆರ್ವಿನ್. ಆಮೇಲೆ ಅವಳ ಮುಖ ನೋಡಿ, ಇವತ್ತಿನವನ್ನೆಲ್ಲ ಪಡುವಣ ಹುಲ್ಲಲ್ಲೇ ನೆಡು, ಅಲ್ಲೇ ಬೇಟೆ ಸಿಕ್ಕರೆ ಜೋಳದ ತಂಟೆಗೆ ಯಾರೂ ಹೋಗುವುದಿಲ್ಲ ಎಂದ.

ಅವಳು ಅವಸರದಲ್ಲಿ ನೆಟ್ಟಳು. ಕೈ ಮರಗಟ್ಟಿತ್ತು, ತೂಗಿದ್ದು ಸಾಲಲಿಲ್ಲ. ಕ್ಲಬ್ಬಿನ ಹಳೇ ಸದಸ್ಯ ಲೈಲ್ ನಾಯಿಯೊಂದಿಗೆ ಬರುವಷ್ಟರಲ್ಲಿ ಹಕ್ಕಿಗಳು ಎಚ್ಚರಗೊಂಡು ನಡೆದುಹೋಗಿದ್ದವು. ಹಿಮದ ಮೇಲೆ ಹೆಜ್ಜೆಗಳೆಲ್ಲ ಜೋಳದ ಕಡೆಗಿದ್ದವು.

"ಲಾಲಿ ಹಾಡೋದು ಮರೆತ್ಯೇನಮ್ಮ?" ಎಂದು ಲೈಲ್ ನಕ್ಕ. ನಾಯಿ ಆಗಲೇ ಅತ್ತ ಎಳೆಯುತ್ತಿತ್ತು.

ಅಲ್ಲಿ ಬೇಡ, ಒಂದು ಕಾಡು ಹುಂಜ ಇದೆ ಎಂದಳು ಮಾರಿಟ್. ಯಾರ ಮುಂದೆಯೂ ಬಾಯಿ ಬಾರದವಳು ಅಷ್ಟನ್ನು ಹೇಗೋ ಹೇಳಿಬಿಟ್ಟಿದ್ದಳು. ಲೈಲ್ ನಿಂತುಬಿಟ್ಟ. ಅವನ ಕಣ್ಣು ಹುಡುಗನ ಕಣ್ಣಿನಂತಾಯಿತು.

"ನಿಜವಾಗ್ಲೂ ಕಾಡಿಂದಾ? ನಮ್ಮಪ್ಪ ಇದ್ದಾಗ ಹೊಡೆದಿದ್ದೇ ಕೊನೆ." ಕೋವಿಯನ್ನು ಕೈಗೆತ್ತಿಕೊಂಡು ನಾಯಿಯ ಹಿಂದೆ ಹೊರಟೇಬಿಟ್ಟ.

ಎರಡು ಗುಂಡು ಕೇಳಿಸಿದವು. ಅವನು ಹುಂಜವನ್ನು ಎದೆಗೊತ್ತಿಕೊಂಡು ಬಂದ, ಟೋಪಿ ತೆಗೆದು ಕೊಕ್ಕು ತೋರಿಸಿದ. ತೂತಿರಲಿಲ್ಲ. ಇದರ ತೊಗಲಿಗೆ ಹೊಟ್ಟು ತುಂಬಿಸಿ ಕ್ಲಬ್ಬಿನ ಗೋಡೆಗೆ ಕೊಡುತ್ತೇನೆ, ಗರಿ ಕೆಡದಂತೆ ಕಟ್ಟಿಡು ಎಂದ.

ಗರಿ ಕೆಡದಂತೆ ಇಡುವ ರೀತಿ ಅವಳಿಗೆ ಗೊತ್ತಿತ್ತು. ಮೇಜಿನ ಮುಂದೆ ನಿಂತು ಇನ್ನೂ ಬೆಚ್ಚಗಿದ್ದ ತಲೆಯನ್ನು ರೆಕ್ಕೆಯಡಿ ಸಿಕ್ಕಿಸಿದಳು. ಚೀಲಕ್ಕೆ ಹಾಕಲು ಎತ್ತಿಕೊಂಡಾಗ ಕೈಗಳು ತಾವೇ ತೂಗತೊಡಗಿದವು. ಆರ್ವಿನ್ ಬಾಗಿಲವರೆಗೆ ಬಂದು, ನೋಡಿ, ನಾಳೆಯ ಹಕ್ಕಿಗಳಿಗೆ ನೀರಿಡಲು ಹೋದ.