ಬೆವರಿದ ಅಂಟು

ಆ ಪ್ರಯೋಗಾಲಯದಲ್ಲಿ ಯಾರೂ "ಆವಿ ಬಿಟ್ಟಿತಾ?" ಎಂದು ಕೇಳುತ್ತಿರಲಿಲ್ಲ. "ಬೆವರಿತಾ?" ಎಂದೇ ಕೇಳುತ್ತಿದ್ದರು. ವ್ಯೋಮನೌಕೆಗೆ ಹೋಗುವ ಅಂಟು, ಬಣ್ಣ, ರಬ್ಬರು ಎಲ್ಲವನ್ನೂ ಮೊದಲು ಗಾಳಿ ತೆಗೆದ ಪೆಟ್ಟಿಗೆಯಲ್ಲಿಟ್ಟು ಕಾಯಿಸಬೇಕು. ಎದುರಿಗೊಂದು ತಣ್ಣನೆಯ ತಟ್ಟೆ. ಒಳಗೆ ಅಡಗಿದ್ದ ಆವಿ ಹೊರಬಂದು ತಟ್ಟೆಯ ಮೇಲೆ ಮಂಜಾಗಿ ಕೂತರೆ ವಸ್ತು ನಪಾಸು. ಅದೇ ಮಂಜು ಅಷ್ಟು ಮೇಲೆ ಹೋಗಿ ನೌಕೆಯ ಕ್ಯಾಮೆರಾದ ಮಸೂರಕ್ಕೆ ಮೆತ್ತಿಕೊಂಡರೆ ಒರೆಸಲು ಯಾರು ಹೋಗುತ್ತಾರೆ?

ನಪಾಸು ಮಾಡುವ ಕೆಲಸ ಅಕ್ಕನದು. ಮುಲಾಜಿಲ್ಲದವಳು ಎಂದೇ ಹೆಸರು. ಈ ಸಲ ಪೆಟ್ಟಿಗೆಯೊಳಗಿದ್ದದ್ದು ಪಕ್ಕದ ಕಟ್ಟಡದಲ್ಲಿ ದುಡಿಯುವ ತಮ್ಮನ ಅಂಟು, ಆ ಮಸೂರವನ್ನೇ ಹಿಡಿದು ನಿಲ್ಲಿಸುವಂಥದು. ವರ್ಷಗಟ್ಟಲೆ ಬೆವರು ಸುರಿಸಿ ಮಾಡಿದ್ದ. ಅದು ಬೆವರಿದರೆ ಹಳೆಯ ಅಂಟೇ ನೌಕೆ ಹತ್ತುತ್ತದೆ, ಅವನ ಶ್ರಮವೆಲ್ಲ ನೀರುಪಾಲು.

ತಟ್ಟೆ ತೆಗೆದಳು. ಮಂಜು ಕೂತಿತ್ತು. ಪಕ್ಕದಲ್ಲಿ ಇನ್ನೊಂದು ತಟ್ಟೆ. ಹೋಲಿಸಿ ನೋಡಲೆಂದು ಅದರೆದುರು ಏನೂ ಇಡದೆ ಖಾಲಿ ಬಿಟ್ಟಿದ್ದಳು. ಅದರ ಮೇಲೂ ಮಂಜು. ಏನೂ ಇಲ್ಲದ್ದು ಬೆವರುವುದುಂಟೇ?

ತಪ್ಪು ತನ್ನದೇ ಎಂದು ಹೊಳೆಯಿತು. ತಟ್ಟೆ ತೊಳೆಯುವ ದ್ರಾವಣದಿಂದ ಅವಳ ಕೈ ಬಿರುಕುಬಿಟ್ಟಿತ್ತು. ನೋಡಲಾರದೆ ತಮ್ಮನೇ ಕ್ರೀಮು ತಂದುಕೊಟ್ಟಿದ್ದ. ಬೆಳಿಗ್ಗೆ ಹಚ್ಚಿಕೊಂಡು, ಅದೇ ಬೆರಳಿನಿಂದ ಕೈಗವಸಿನ ಹೊರಮೈ ಹಿಡಿದು ಎಳೆದುಕೊಂಡಿದ್ದಳು. ಕ್ರೀಮು ಗವಸಿಗೆ, ಗವಸಿನಿಂದ ತಟ್ಟೆಗೆ.

"ನೀನು ಕೊಟ್ಟ ಕ್ರೀಮ್ ಬೆವರಿದೆ ಕಣೋ," ಎಂದು ಫೋನ್ ಮಾಡಿದಳು.

"ಹಾಗಾದ್ರೆ ನನ್ನ ಅಂಟು ಬಚಾವಾ?"

"ಗೊತ್ತಿಲ್ಲ. ಮತ್ತೆ ಇಡ್ತೀನಿ. ಈ ಕ್ರೀಮ್ ವಾಪಸ್ ಕಳಿಸ್ತೀನಿ, ನೀನೇ ಇಟ್ಕೋ."

ಮೇಲಧಿಕಾರಿಯ ಹತ್ತಿರ ಹೋಗಿ ತಪ್ಪೊಪ್ಪಿಕೊಂಡು ಚೆನ್ನಾಗಿ ಬೈಸಿಕೊಂಡಳು. ಉರಿಯುವ ಕೈಯಲ್ಲೇ ಎಲ್ಲವನ್ನೂ ತೊಳೆದು ಮತ್ತೆ ಇಟ್ಟಳು. ಒಂದು ವಸ್ತು ಪಾಸಾಗಲಪ್ಪಾ ಎಂದು ಅವಳು ಆಸೆಪಟ್ಟದ್ದು ಇದೇ ಮೊದಲು. ಆಸೆಗೆಲ್ಲ ಆವಿ ಬಗ್ಗುವುದಿಲ್ಲ ಎಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಈ ಸಲ ಖಾಲಿ ಬಿಟ್ಟ ಕಡೆಯ ತಟ್ಟೆ ಫಳಫಳ ಹೊಳೆಯಿತು. ತಮ್ಮನದರ ಮೇಲೆ ಮಂಜಿತ್ತು, ತೆಳ್ಳಗೆ, ಆದರೂ ಮಂಜೇ. ನಪಾಸು ಎಂದು ಬರೆಯುವಾಗ ಅವಳಿಗೆ ಅಳು ಬಂತು.

ಸುದ್ದಿ ತಿಳಿದು ತಮ್ಮ ಬಂದ. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅಕ್ಕನ ಕೈ ನೋಡಿ, ಜೇಬಿನಿಂದ ಕ್ರೀಮು ತೆಗೆದ.

"ಈಗಾದ್ರೂ ಹಚ್ಕೋ ಅಕ್ಕ. ಪೆಟ್ಟಿಗೆಯೊಳಗೆ ನನ್ನದೇನೂ ಇಲ್ವಲ್ಲ."

ಅವಳು ಅದನ್ನು ತೆಗೆದುಕೊಂಡು ಮತ್ತೆ ಅವನ ಜೇಬಿಗೇ ತುರುಕಿದಳು.

"ಮುಂದಿನ ಅಂಟು ಪಾಸಾದ ಮೇಲೆ ಹಚ್ಕೋತೀನಿ. ಬೇಗ ತಾ, ಕೈ ಉರೀತಿದೆ."