ಪಂಪು ಬಿಟ್ಟು ಹೋದವನು

ಹಂಡೆಯ ತಳ ಹಿಡಿದ ವಾಸನೆ ಮೂಗಿಗೆ ಬಡಿದಾಗಲೇ ವರ್ನಾಗೆ ತನ್ನ ಕೈ ನಿಂತುಹೋಗಿದೆ ಎಂದು ಗೊತ್ತಾದದ್ದು. ಅಗ್ನಿಶಾಮಕ ದಳಕ್ಕೆ ಹಣ ಕೂಡಿಸುವ ಶನಿವಾರದ ಮಾರಾಟಕ್ಕೆ ದಳದ ಕಟ್ಟಡವಾದ ಫೈರ್ ಹಾಲಿನ ಅಡುಗೆಮನೆಯಲ್ಲಿ ಬೀನ್ಸ್ ಸೂಪು ಕುದಿಯುತ್ತಿತ್ತು. ಸೌಟು ತಿರುವುವುದನ್ನು ಮರೆತು ಅವಳು ಕಿಟಕಿಯಾಚೆಯ ಮಾತು ಕೇಳುತ್ತಿದ್ದಳು.

"ಈ ಸಲ ಕಾನೂನು ನಮ್ಮ ಕಡೆಗಿದೆ ಡೊರೀನ್," ಎನ್ನುತ್ತಿದ್ದ ದಳದ ಚೀಫ್ ಕಾರ್ಲ್ಟನ್. "ಬೆಂಕಿ ಆರಿಸಿ ಬಂದು ಎದೆ ಒಡೆದು ಸತ್ತರೂ ಕರ್ತವ್ಯದಲ್ಲೇ ಸತ್ತ ಲೆಕ್ಕ ಅಂತ ಮಾಡಿದ್ದಾರೆ. ಲಾಮರ್ ಹೆಸರು ಗೋಡೆಗೆ ಬರುತ್ತೆ. ನನ್ನ ಮಾತು ನಂಬು."

ಗಂಡನ ಹೆಸರು ಕೇಳಿ ಡೊರೀನ್ ಬಿಕ್ಕಿದಳು. ಚೀಫ್ ಅವಳ ಬೆನ್ನು ತಟ್ಟಿದ.

ವರ್ನಾ ಸೌಟನ್ನು ತಳಕ್ಕೆ ಒತ್ತಿ ಕೆರೆದಳು. ಕರಕಲು ಮೇಲೆ ತೇಲಿ ಬಂತು. ಇಪ್ಪತ್ತು ವರ್ಷದಲ್ಲಿ ಅವಳು ಸೂಪು ಸೀಯಿಸಿದ್ದು ಅದೇ ಮೊದಲು.

ಗೋಡೆ ಎಂದರೆ ಹಾಲಿನ ಬಾಗಿಲ ಪಕ್ಕದ ಗೋಡೆ. ಅಲ್ಲಿ ಮೂರು ಕಂಚಿನ ಫಲಕಗಳಿದ್ದವು. ಸರ್ಕಾರ ಯಾರನ್ನು ಕರ್ತವ್ಯದಲ್ಲಿ ಮಡಿದವನೆಂದು ಒಪ್ಪುತ್ತದೋ ಅವನಿಗೆ ಮಾತ್ರ ಫಲಕ ಎಂಬುದು ಕೂಪರ್ಸ್ ರನ್ ಸ್ವಯಂಸೇವಕ ದಳ ಹಳೆಯ ಕಾಲದಲ್ಲೇ ಮಾಡಿಕೊಂಡ ನಿಯಮ. ಒಬ್ಬ ಸೂರು ಕುಸಿದು ಸತ್ತವನು, ಒಬ್ಬ ಬೆಂಕಿ ಆರಿಸುವ ಬಂಡಿಯ ಕೆಳಗೆ ಸಿಕ್ಕವನು, ಒಬ್ಬ ಹೊಗೆ ಕುಡಿದು ಉಸಿರುಗಟ್ಟಿದವನು. ನಾಲ್ಕನೆಯ ಜಾಗ ಖಾಲಿ. ಹೋದ ಅಕ್ಟೋಬರಿನಿಂದ ವರ್ನಾಗೆ ಆ ಖಾಲಿ ಜಾಗದ ಇಟ್ಟಿಗೆಯ ಬಣ್ಣವೂ ಬಾಯಿಪಾಠವಾಗಿತ್ತು.

ಅವಳ ಗಂಡ ಎಲ್ವುಡ್ ಸತ್ತಿದ್ದು ಆಗ. ಜೋಳದ ಗಿರಣಿಯ ಬೆಂಕಿ ಆರಿಸಿ ಬೆಳಗಾಗುವ ಹೊತ್ತಿಗೆ ಮನೆಗೆ ಬಂದವನು ಮೈಯೆಲ್ಲ ಮಸಿ ಹೊತ್ತುಕೊಂಡೇ ತಿಂಡಿಗೆ ಕೂತ. ಮೊಟ್ಟೆಯ ಮೇಲೆ ಮೆಣಸು ಉದುರಿಸುತ್ತಿದ್ದಂತೆ ಕೈ ಜಾರಿತು. ವಾಷಿಂಗ್ಟನ್ನಿನ ಕಚೇರಿಗೆ ಚೀಫ್ ಬರೆದುಕೊಂಡ. ಗಾಯವಾಗಿದ್ದರೆ ಮಾತ್ರ ಕರ್ತವ್ಯದ ಸಾವು, ಹೃದಯಾಘಾತ ಕಾಯಿಲೆ, ಗಾಯವಲ್ಲ ಎಂದು ಉತ್ತರ ಬಂತು. ಅಷ್ಟರಲ್ಲಿ ಡಿಸೆಂಬರ್ ಮಧ್ಯದಲ್ಲಿ ಕಾನೂನೇ ಬದಲಾಯಿತು. ಕೆಲಸದಲ್ಲಿ ಕಠಿಣವಾಗಿ ಶ್ರಮಪಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಎದೆ ನಿಂತವನನ್ನೂ ಲೆಕ್ಕಕ್ಕೆ ಸೇರಿಸಿದರು. ಆದರೆ ಸಹಿ ಬಿದ್ದ ದಿನದಿಂದ ಮುಂದೆ ಸತ್ತವರಿಗೆ ಮಾತ್ರ.

ಎಲ್ವುಡ್ ಅಕ್ಟೋಬರಿನವನು. ಲಾಮರ್ ಫೆಬ್ರವರಿಯವನು.

ವರ್ನಾ ಎರಡು ಚಳಿಗಾಲ ಸಂಜೆ ತರಗತಿಗೆ ಹೋಗಿ ಲೆಕ್ಕಪತ್ರದ ಜೊತೆಗೆ ಕಾನೂನಿನ ಒಂದು ಪಾಠವನ್ನೂ ಓದಿದ್ದಳು. ಯಾವ ಕಾನೂನಾದರೂ ಒಂದು ತಾರೀಖಿನಿಂದ ಶುರುವಾಗಲೇಬೇಕು ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದಳು. ಈಗ ಆ ವಾಕ್ಯವನ್ನು ಎಷ್ಟು ಸಲ ಹೇಳಿಕೊಂಡರೂ ಹೊಟ್ಟೆಯೊಳಗಿನ ಉರಿ ತಣಿಯುತ್ತಿರಲಿಲ್ಲ. ಡೊರೀನಳ ಮನೆಯ ಜಗಲಿಯಲ್ಲಿ ಊರವರು ತಂದಿಟ್ಟ ಅಡುಗೆಯ ಪಾತ್ರೆಗಳನ್ನು ಕಂಡರೆ ಉರಿ. ಅಂಗಡಿಯಲ್ಲಿ ಯಾರೋ "ವೀರನ ಹೆಂಡತಿ" ಎಂದರೆ ಉರಿ. ಡೊರೀನ್ ಅತ್ತರೂ ಉರಿ, ಅವಳ ಅಳುವಿಗೆ ಒಂದು ಅರ್ಥವಿದೆಯಲ್ಲ ಎಂದು. ಹೀಗೆಲ್ಲ ಅನ್ನಿಸುವುದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ತಪ್ಪು ಎಂದು ಗೊತ್ತಿರುವುದರಿಂದ ಏನೂ ಕಡಿಮೆಯಾಗುವುದಿಲ್ಲ ಎಂಬುದೂ ಈಚೆಗೆ ಗೊತ್ತಾಗಿತ್ತು.

ಡೊರೀನ್ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದು ಮೂಗು ಅರಳಿಸಿದಳು. "ಅಯ್ಯೋ, ಏನೇ ಇದು? ಸೂಪು ಸೀದಿದೆ!"

"ಸೀದಿಲ್ಲ. ಹೊಗೆಯ ರುಚಿ. ಫೈರ್ ಹಾಲಿನ ಸೂಪು ಅಂದ್ಮೇಲೆ ಅದೂ ಇರ್ಬೇಕಲ್ಲ."

ಡೊರೀನ್ ಅಳುವಿನ ನಡುವೆಯೇ ನಕ್ಕಳು. ವರ್ನಾ ನಗಲಿಲ್ಲ.

ಏಪ್ರಿಲಿನಲ್ಲಿ ಗಾಳಿ ತಿರುಗಿತು. ವಾಷಿಂಗ್ಟನ್ನಿನಿಂದ ಪ್ರಶ್ನೆ ಬಂದಿತ್ತು. ಪಂಪಿನವನು ಬಂಡಿಯ ಪಕ್ಕ ನಿಂತು ಪಿಡಿ ತಿರುಗಿಸುವವನು. ಲಾಮರ್ ಕೊನೆಯವರೆಗೂ ಪಂಪು ಬಿಟ್ಟು ಕದಲಲಿಲ್ಲ ಎಂದು ನಿಮ್ಮ ವರದಿಯೇ ಹೇಳುತ್ತದೆ. ಹಾಗಾದರೆ ಅವನು ಪಟ್ಟ ಕಠಿಣ ಶ್ರಮ ಯಾವುದು?

ಚೀಫ್ ಅದನ್ನು ಬರೆದದ್ದು ಹೊಗಳಿಕೆಗೆ. ನೀರಿನ ಕೊಳವೆಯ ಮೂತಿ ಹಿಡಿದು ಬೆಂಕಿಯೊಳಗೆ ಹೋದವರ ಪ್ರಾಣ ಪಂಪಿನವನ ಕೈಯಲ್ಲಿ. ಅವನು ಜಾಗ ಬಿಟ್ಟರೆ ನೀರು ಹೋಯಿತು, ನೀರು ಹೋದರೆ ಹುಡುಗರು ಹೋದರು. ಪಂಪು ಬಿಟ್ಟು ಹೋದವನು ಎಂದರೆ ಆ ಊರಿನಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿರಲಿಲ್ಲ. ಅಂತ್ಯಕ್ರಿಯೆಯ ದಿನವೂ ಚೀಫ್ ಅದೇ ಮಾತನ್ನು ಎತ್ತರದ ದನಿಯಲ್ಲಿ ಹೇಳಿದ್ದ. ಕೆಂಪು ಬಂಡಿಯ ಮೇಲೆ ಲಾಮರನ ಪೆಟ್ಟಿಗೆ ಇತ್ತು, ಗಂಡಸರೆಲ್ಲ ಟೋಪಿ ತೆಗೆದಿದ್ದರು.

ಅದು ಸುಳ್ಳು ಎಂದು ವರ್ನಾಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಪಂಪಿನ ಬಳಿ ನಿಂತಿದ್ದವಳು ಅವಳೇ.

ರೈತ ಲೀಬಿಯವರ ಕೊಟ್ಟಿಗೆ ಹತ್ತಿಕೊಂಡಿದ್ದು ಫೆಬ್ರವರಿಯಲ್ಲಿ, ಹಿಮ ಬಿದ್ದ ಮಧ್ಯಾಹ್ನ. ದಳದವರಿಗೆಂದು ವರ್ನಾ ಕಾಫಿಯ ಗಾಡಿಯನ್ನು ಪಂಪಿನ ಪಕ್ಕಕ್ಕೇ ತಂದು ನಿಲ್ಲಿಸಿದ್ದಳು. ಕೊಟ್ಟಿಗೆಯ ಮೇಲಂತಸ್ತಿಗೆ ಹೋಗುವ ಮಣ್ಣಿನ ಏರು ಗಾಜಿನಂತೆ ಹೆಪ್ಪುಗಟ್ಟಿತ್ತು. ನೀರು ತುಂಬಿದ ಕೊಳವೆಯನ್ನು ಎಳೆಯುತ್ತಿದ್ದ ಇಬ್ಬರು ಹುಡುಗರು ಹತ್ತುವುದು, ಜಾರುವುದು, ಹತ್ತುವುದು, ಜಾರುವುದು. ಒಳಗೆ ದನಗಳು ಕೂಗುತ್ತಿದ್ದವು. ಲಾಮರ್ ಒಮ್ಮೆ ಅವರನ್ನು ನೋಡಿದ, ಒಮ್ಮೆ ವರ್ನಾಳನ್ನು ನೋಡಿದ.

"ಬಾ ಇಲ್ಲಿ. ಈ ಒತ್ತಡದ ಮುಳ್ಳು ನೋಡ್ತಾ ಇರು. ನೂರಕ್ಕಿಂತ ಕೆಳಗೆ ಇಳಿದ್ರೆ ಈ ಪಿಡಿನ ಮೆತ್ತಗೆ ತಿರುಗ್ಸು. ಜಾಸ್ತಿ ತಿರುಗ್ಸಿದ್ಯೋ, ಹುಡುಗ್ರು ಗಾಳಿಪಟ ಆಗ್ತಾರೆ."

"ನನಗೆ ಬರಲ್ಲ ಲಾಮರ್! ನಾನು ಕಾಫಿಯವಳು!"

"ನಿನ್ನ ಕಾಫಿ ಕುಡಿದು ಬದುಕಿದೀವಿ. ಇದೇನು ಮಹಾ."

ಅವನು ಏರಿನತ್ತ ಹೋದ. ಕೊಳವೆಯನ್ನು ಹೆಗಲಿಗೆ ಹಾಕಿಕೊಂಡು, ಮೊಣಕಾಲೂರಿ, ನೊಗ ಹೊತ್ತ ಎತ್ತಿನ ಹಾಗೆ ಎಳೆದುಕೊಂಡು ಮೇಲೆ ಮುಟ್ಟಿಸಿದ. ಕೆಳಗಿಳಿದು ಬಂದಾಗ ಮುಖ ಬೂದಿಯ ಬಣ್ಣ. ಬಂಡಿಯ ಮೆಟ್ಟಿಲ ಮೇಲೆ ಕೂತು, ಕಾಫಿಗೆ ಕೈ ಚಾಚಿ, ಹಾಗೇ ಪಕ್ಕಕ್ಕೆ ವಾಲಿದ. ವರ್ನಾಳ ಕೈ ಪಿಡಿಯ ಮೇಲಿತ್ತು. ಬಿಟ್ಟರೆ ಮೇಲಿನವರಿಗೆ ನೀರಿಲ್ಲ. ಕಣ್ಣನ್ನು ಮುಳ್ಳಿನಿಂದ ತೆಗೆಯದೆ ಅವಳು ಗಂಟಲು ಹರಿಯುವ ಹಾಗೆ ಕೂಗಿದಳು.

ಓಡಿ ಬಂದ ಚೀಫ್ ಪಿಡಿಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ನೀನು ಇಲ್ಲಿ ನಿಂತಿರ್ಲಿಲ್ಲ. ಲಾಮರ್ ಪಂಪು ಬಿಟ್ಟಿರ್ಲಿಲ್ಲ. ಕೇಳಿಸ್ತಾ?" ಎಂದ. ಅವಳು ತಲೆಯಾಡಿಸಿದ್ದಳು. ಏರಿನ ಮೇಲಿದ್ದ ಹುಡುಗರೂ ತಲೆಯಾಡಿಸಿದ್ದರು. ಸತ್ತವನ ಮರ್ಯಾದೆಯ ಪ್ರಶ್ನೆ.

ಈಗ ಆ ಮರ್ಯಾದೆಯೇ ಲಾಮರನ ಫಲಕಕ್ಕೆ ಅಡ್ಡ ನಿಂತಿತ್ತು. ಪ್ರಶ್ನೆಯ ಸುದ್ದಿ ಕೇಳಿದ ದಿನ ವರ್ನಾ ಮನೆಗೆ ಬಂದು ಕೋಟನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತಳು. ಎಷ್ಟೋ ತಿಂಗಳ ಮೇಲೆ ಎದೆ ಹಗುರಾಗಿತ್ತು. ಸುಮ್ಮನಿದ್ದರೆ ಸಾಕು. ಸುಳ್ಳು ಕೂಡ ಹೇಳಬೇಕಾಗಿಲ್ಲ. ಚೀಫ್ ಹೇಳಿಕೊಟ್ಟಂತೆ ಬಾಯಿ ಮುಚ್ಚಿಕೊಂಡಿದ್ದರೆ ನಾಲ್ಕನೆಯ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಇಬ್ಬರು ಹೆಂಗಸರು, ಕಾಯಿಲೆಯಿಂದ ಸತ್ತ ಇಬ್ಬರು ಗಂಡಂದಿರು, ಒಂದೇ ಹಂಡೆ ಸೂಪು. ಆಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಚೀಫಿಗೆ ಫೋನ್ ಮಾಡಲಿಲ್ಲ.

ಮುಂದಿನ ವಾರ ಕೌಂಟಿಯ ವಕೀಲೆ ಮಿಸ್ ಅಲ್ಡರ್‌ಫರ್ ವಾಷಿಂಗ್ಟನ್ನಿಗೆ ಕಳಿಸುವ ಉತ್ತರಕ್ಕಾಗಿ ಹೇಳಿಕೆ ಬರೆದುಕೊಳ್ಳಲು ಹಾಲಿಗೆ ಬಂದಳು. ಚಿಕ್ಕ ವಯಸ್ಸಿನವಳು, ಶೀತದಿಂದ ಮೂಗು ಕೆಂಪಾಗಿತ್ತು. ಉದ್ದನೆಯ ಮೇಜಿನ ಒಂದು ಕಡೆ ಚೀಫ್, ಇನ್ನೊಂದು ಕಡೆ ಡೊರೀನ್. ವರ್ನಾ ಬಡಿಸುವ ಕಿಂಡಿಯ ಹಿಂದೆ ಹಿಟ್ಟು ಲಟ್ಟಿಸುತ್ತಿದ್ದಳು.

"ಅವರು ಪಂಪಿನ ಹತ್ತಿರವೇ ಇದ್ದರು ಅಂತೀರಿ," ಎಂದಳು ವಕೀಲೆ.

"ಕದಲಲಿಲ್ಲ ಮೇಡಂ. ಕಲ್ಲಿನ ಹಾಗೆ ನಿಂತಿದ್ದ," ಎಂದ ಚೀಫ್.

"ಕಲ್ಲಿನ ಹಾಗೆ ನಿಲ್ಲೋದನ್ನ ಶ್ರಮ ಅಂತ ನಾನು ಹೇಗೆ ಬರೀಲಿ? ಹೊಸ ಕಾನೂನು ಬಾಗಿಲು ತೆಗೆದಿದೆ ಸರ್. ಒಳಗೆ ಹೋಗೋದಕ್ಕೆ ನನಗೆ ಏನಾದ್ರೂ ಕೊಡಿ."

ಚೀಫ್ ತನ್ನ ಬೂಟು ನೋಡಿಕೊಂಡ.

ಡೊರೀನ್ ಎದ್ದು ಕಿಂಡಿಯ ಬಳಿಗೆ ಬಂದಳು. ದನಿ ತಗ್ಗಿಸಿ, "ಹೋಗ್ಲಿ ಬಿಡೇ ವರ್ನಾ," ಎಂದಳು. "ಅವನು ಆರಾಮಾಗಿ ನಿಂತ ಕಡೆ ಸತ್ತ. ಯಾಕೆ ದೊಡ್ಡದು ಮಾಡ್ಬೇಕು? ಇನ್ಮೇಲೆ ನೀನೂ ನಾನೂ ಒಂದೇ."

ವರ್ನಾ ಇದೇ ಮಾತಿಗೆ ಕಾಯುತ್ತಿದ್ದಳು. ಆದರೆ ಅದು ಬಂದಾಗ ಕಿವಿಯಲ್ಲಿ ಕೂತದ್ದು ಇನ್ನೊಂದೇ ಮಾತು. ಆರಾಮಾಗಿ. ಎಲ್ವುಡ್ ವಿಷಯಕ್ಕೆ ಬಂದ ಉತ್ತರದಲ್ಲೂ ಇಂಥದೇ ಒಂದು ಮೆತ್ತನೆಯ ಮಾತಿತ್ತು. ಮನೆಯಲ್ಲಿ, ವಿಶ್ರಾಂತಿಯಲ್ಲಿದ್ದಾಗ ಎಂದು. ಗಿರಣಿಯ ಮಸಿ ಇನ್ನೂ ಕಿವಿಯೊಳಗಿದ್ದವನ ಬಗ್ಗೆ.

"ಆರಾಮಾಗಿ?" ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. "ನಿನಗೆ ಯಾರು ಹೇಳಿದ್ದು ಆರಾಮಾಗಿ ಅಂತ? ಮಂಜಿನ ಮೇಲೆ ಮೊಣಕಾಲೂರ್ಕೊಂಡು ಕೊಳವೆ ಎಳೆದ. ಇಬ್ಬರು ಹುಡುಗ್ರ ಕೈಲಾಗದ್ದನ್ನ ಒಬ್ಬನೇ ಎಳೆದ."

"ವರ್ನಾ," ಎಂದ ಚೀಫ್, ಎಚ್ಚರಿಕೆಯ ದನಿಯಲ್ಲಿ.

"ಇಲ್ಲ ಚೀಫ್. ನೀವು ಅವನ ಮಾನ ಕಾಪಾಡೋಕೆ ಹೋಗಿ ಅವನ ಕೊನೇ ಕೆಲಸಾನೇ ಅಳಿಸಿಬಿಟ್ರಿ. ಅವನು ಪಂಪು ಬಿಟ್ಟ, ಹೌದು. ಆದ್ರೆ ಪಂಪನ್ನ ದಿಕ್ಕಿಲ್ಲದೆ ಬಿಟ್ಟೋಗಿರ್ಲಿಲ್ಲ. ಅಲ್ಲಿ ನಾನಿದ್ದೆ. ಮುಳ್ಳು ನೂರಕ್ಕಿಂತ ಒಂದು ಕೂದಲೂ ಕೆಳಗೆ ಇಳೀಲಿಲ್ಲ."

ಚೀಫ್ ಎರಡೂ ಕೈಯಿಂದ ಮುಖ ಉಜ್ಜಿಕೊಂಡ.

"ಕಾಫಿ ಮಾಡೋ ಹೆಂಗಸಿನ ಕೈಗೆ ಪಂಪು ಕೊಟ್ಟಿದ್ವಿ ಅಂತ ಪಕ್ಕದ ಊರಿನ ದಳದವರಿಗೆ ಗೊತ್ತಾದ್ರೆ," ಎಂದು ಗೊಣಗಿದ.

"ನಗ್ತಾರೆ," ಎಂದಳು ವರ್ನಾ. "ನಗ್ಲಿ. ಅವರ ಕಾಫಿ ಕುಡಿದಿದೀನಿ. ನಾನೂ ನಕ್ಕಿದೀನಿ."

ಮಿಸ್ ಅಲ್ಡರ್‌ಫರ್ ಆಗಲೇ ಬರೆಯುತ್ತಿದ್ದಳು. "ಕೂತ್ಕೊಳ್ಳಿ, ಮಿಸೆಸ್ ಕ್ರಾಟ್ಜರ್. ಮೊದಲಿನಿಂದ ಹೇಳಿ."

ಕೈಯ ಹಿಟ್ಟು ಒರೆಸಿಕೊಂಡು ವರ್ನಾ ಕೂತಳು. ಏರು ಎಷ್ಟು ಕಡಿದಾಗಿತ್ತು, ಕೊಳವೆ ಎಷ್ಟು ಭಾರವಿತ್ತು, ಮುಖದ ಬಣ್ಣ ಹೇಗಿತ್ತು, ಎಲ್ಲ ಹೇಳಿದಳು. ಹೇಳುತ್ತಾ ಹೋದಂತೆ ಉರಿ ಕಡಿಮೆಯಾಗಬಹುದು ಎಂದುಕೊಂಡಿದ್ದಳು. ಆಗಲಿಲ್ಲ. ತನ್ನ ಗಂಡನ ಸಾವಿನ ಬಗ್ಗೆ ಯಾರೂ ಇಷ್ಟು ಕೇಳಿರಲಿಲ್ಲ, ಯಾರೂ ಇಷ್ಟು ಬರೆದುಕೊಂಡಿರಲಿಲ್ಲ. ಒಂದೊಂದು ವಾಕ್ಯವೂ ತನ್ನ ಮನೆಯ ಇಟ್ಟಿಗೆ ಕಿತ್ತು ಪಕ್ಕದ ಮನೆಗೆ ಕೊಟ್ಟ ಹಾಗಿತ್ತು. ಕೊನೆಗೆ ಅವಳು ಕೇಳಿಯೇ ಬಿಟ್ಟಳು. "ಅಕ್ಟೋಬರಿನವರಿಗೆ ಏನೂ ಇಲ್ವಾ ಮೇಡಂ?"

ವಕೀಲೆಯ ಪೆನ್ನು ನಿಂತಿತು. "ಈಗಿನ ಕಾನೂನಿನಲ್ಲಿ ಇಲ್ಲ. ಮುಂದೆ ಮತ್ತೆ ಬದಲಾಯಿಸಿದ್ರೆ..." ಎಂದವಳು ಮಾತು ಮುಗಿಸಲಿಲ್ಲ. ಆಸೆ ಹುಟ್ಟಿಸದಿದ್ದುದಕ್ಕೆ ವರ್ನಾಗೆ ಅವಳ ಮೇಲೆ ಗೌರವ ಬಂತು.

ಎಲ್ಲರೂ ಹೋದ ಮೇಲೆ ಡೊರೀನ್ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಧನ್ಯವಾದ ಹೇಳುತ್ತಾಳೆ, ತಬ್ಬಿಕೊಳ್ಳುತ್ತಾಳೆ ಎಂದು ವರ್ನಾ ಮೈ ಬಿಗಿ ಹಿಡಿದಳು. ಆದರೆ ಡೊರೀನಳ ಮುಖ ಗಂಟಿಕ್ಕಿತ್ತು.

"ಅವನ ಜೊತೆ ಕೊನೆಗೆ ಮಾತಾಡಿದ್ದು ನೀನು."

"ಹ್ಞೂಂ."

"ಎರಡು ತಿಂಗಳು ನನ್ನ ಪಕ್ಕದಲ್ಲೇ ನಿಂತು ಈರುಳ್ಳಿ ಹೆಚ್ಚಿದೆ. ಒಂದು ದಿನ ಬಾಯಿ ಬಿಡ್ಲಿಲ್ಲ."

"ಹೊಟ್ಟೆಕಿಚ್ಚು ಕಣೇ," ಎಂದಳು ವರ್ನಾ. ಹೇಳಿದ ಮೇಲೆ ಇಷ್ಟು ಚಿಕ್ಕ ಮಾತೇ ಎನ್ನಿಸಿತು. "ನಿನ್ನವನಿಗೆ ಗೋಡೆ ಸಿಗುತ್ತೆ. ನನ್ನವನಿಗಿಲ್ಲ."

"ಗೋಡೆ!" ಡೊರೀನ್ ಮೇಜಿನ ಮೇಲಿದ್ದ ಒರೆಸುವ ಬಟ್ಟೆಯನ್ನು ಎಸೆದಳು. "ನಿನ್ನ ಗಂಡ ನಿನ್ನ ಅಡುಗೆಮನೇಲಿ, ನಿನ್ನ ಮೊಟ್ಟೆ ಮುಂದೆ ಇಟ್ಕೊಂಡು, ನಿನ್ನ ಮುಖ ನೋಡ್ತಾ ಹೋದ. ನನ್ನ ಗಂಡನೂ ನಿನ್ನ ಮುಖಾನೇ ನೋಡ್ತಾ ಹೋದ. ಇಬ್ಬರ ಕೊನೇ ಗಳಿಗೇನೂ ನಿನ್ನ ಪಾಲಿಗೇ ಬಂತು. ನಾನೇನು ಗೋಡೇನ ಹೇಗಿದೀಯ ಅಂತ ಕೇಳ್ಲಾ?"

ತನ್ನ ಹತ್ತಿರವೂ ಯಾರಾದರೂ ಕರುಬುವಂಥದ್ದೊಂದು ಇದೆ ಎಂದು ವರ್ನಾಗೆ ಅನ್ನಿಸಿಯೇ ಇರಲಿಲ್ಲ. ಸ್ಟೂಲನ್ನು ಕಾಲಿನಿಂದ ಡೊರೀನಳತ್ತ ತಳ್ಳಿದಳು.

"ಕೂತ್ಕೋ. ಏನಂದ ಹೇಳ್ತೀನಿ."

ಡೊರೀನ್ ಕೂತಳು. ಗಾಳಿಪಟದ ಮಾತು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಾಫಿಯ ಮಾತಿಗೆ, "ಸುಳ್ಳ! ಮನೇಲಿ ನಿನ್ನ ಕಾಫೀನ ಟಾರು ಅಂತಿದ್ದ," ಎಂದು ಕಣ್ಣೊರೆಸಿಕೊಂಡಳು. "ಆಮೇಲೆ? ಇನ್ನೇನಂದ?"

ಇನ್ನೊಂದು ಮಾತಿತ್ತು. ಕೈಗವಸು ಬಿಗಿ ಮಾಡಿಕೊಳ್ಳುತ್ತಾ, ಏರಿನತ್ತ ಹೆಜ್ಜೆ ಇಡುವ ಮುಂಚೆ ಲಾಮರ್ ತಿರುಗಿ ಹೇಳಿದ್ದ. "ಎಲ್ವುಡ್ ಇದ್ದಿದ್ರೆ ಇಷ್ಟೊತ್ತಿಗೆ ಮೇಲೆ ನಿಂತು ನನಗೆ ಬೈತಿದ್ದ. ನಮ್ಮೆಲ್ಲರಲ್ಲಿ ಗಟ್ಟಿ ಅಂದ್ರೆ ಅವನೊಬ್ಬನೇ." ಅದನ್ನು ವರ್ನಾ ವಕೀಲೆಗೂ ಹೇಳಿರಲಿಲ್ಲ, ಅದೊಂದನ್ನು ತನಗೇ ಇಟ್ಟುಕೊಂಡಿದ್ದಳು.

"ಅಷ್ಟೇ," ಎಂದಳು ಅವಳು, ಲಟ್ಟಣಿಗೆ ಎತ್ತಿಕೊಂಡು. "ಆಮೇಲೆ ಹೊರಟುಹೋದ."